ಕೂಡಿದ ಬೆರಳು

"ನಮ್ಮ ಮನೆ ಕಾಲಲ್ಲ ಇದು," ಎಂದಳು ಅಮ್ಮ, ಮೊಮ್ಮಗಳ ಪಾದ ಒರೆಸುತ್ತ. ಬೆಳಿಗ್ಗೆಯಷ್ಟೇ ಬಂದಿಳಿದಿದ್ದಳು. "ನಿಮ್ಮಪ್ಪಂಗೆ, ನಿಂಗೆ, ನಿನ್ ತಮ್ಮಂಗೆ, ಮೂರು ಜನಕ್ಕೂ ಬಾತುಕೋಳಿ ಪಾದ. ಇವಳದು ನೋಡು, ಬೆರಳೆಲ್ಲ ಬಿಡಿಬಿಡಿ."

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗ ಅದನ್ನು ಮಗು ಹುಟ್ಟಿದ ದಿನವೇ ನೋಡಿದ್ದ. ಅವನ ಎರಡೂ ಪಾದಗಳಲ್ಲಿ ಎರಡನೆಯ, ಮೂರನೆಯ ಬೆರಳುಗಳು ಕೂಡಿಕೊಂಡಿದ್ದವು. ಮಕ್ಕಳಿಗೆ ಅದು ಇಳಿಯುವ ಸಂಭವ ಅರ್ಧಕ್ಕರ್ಧ; ಇಳಿಯದಿದ್ದರೆ ಅಚ್ಚರಿಯೇನಿಲ್ಲ. ಒಂದೂವರೆ ತಿಂಗಳಿಂದ ತನಗೆ ತಾನೇ ಈ ಪಾಠ ಹೇಳಿಕೊಳ್ಳುತ್ತಿದ್ದ.

"ಎಲ್ಲರಿಗೂ ಬರಲೇಬೇಕು ಅಂತಿಲ್ಲಮ್ಮ."

"ನಾನೇನೂ ಅನ್ಲಿಲ್ಲಪ್ಪ. ಕಣ್ಣಿಗೆ ಕಂಡಿದ್ದು ಹೇಳ್ದೆ." ಅಡುಗೆಮನೆಯ ಕಡೆ ಒಂದು ಕಣ್ಣು ಹಾಯಿಸಿ, ಟವೆಲು ಹಿಂಡಲು ಎದ್ದು ಹೋದಳು.

ಹೆಂಡತಿ ಹೊರಗೆ ಬಂದಳು. ಎಲ್ಲ ಕೇಳಿಸಿತ್ತು. "ನಿಮ್ಮಮ್ಮನ ಮಾತಿನ ಅರ್ಥ ನಂಗೊತ್ತು. ನೀವೂ ಅದನ್ನೇ ಅಂದ್ಕೊಂಡಿದೀರಾ?"

"ಛೆ. ಮಗು ನಂದೇ. ನನ್ನ ಅನುಮಾನ ಬೇರೆ."

ಮೊದಲ ಮಗುವನ್ನು ರಕ್ತದ ಕಾಯಿಲೆಯೊಂದು ಕಿತ್ತುಕೊಂಡಿತ್ತು. ಆಮೇಲೆ ಎರಡನೆಯ ಮಗುವಿಗಾಗಿ ಇಬ್ಬರೂ ದೊಡ್ಡ ಆಸ್ಪತ್ರೆಯೊಂದರ ಮೆಟ್ಟಿಲು ಹತ್ತಿದ್ದರು. ಭ್ರೂಣ ಇನ್ನೂ ಒಂದೇ ಜೀವಕೋಶವಾಗಿರುವಾಗ ಆ ಕಾಯಿಲೆಯ ವಂಶವಾಹಿಯನ್ನಷ್ಟೇ ತಿದ್ದಬೇಕು, ಬೇರೇನನ್ನೂ ಮುಟ್ಟಬಾರದು ಎಂಬುದು ಅವನ ಷರತ್ತು. ಅವಳೂ ತಲೆಯಾಡಿಸಿದ್ದಳು. ಆದರೆ ಹೊರಟಾಗ, ಛತ್ರಿ ಮರೆತೆನೆಂದು ಮತ್ತೆ ಒಳಗೆ ಹೋದವಳು ಬರುವಾಗ ತಡಮಾಡಿದ್ದಳು.

"ಅವತ್ತು ಛತ್ರಿ ತರೋಕೆ ಹೋದೋಳು ಡಾಕ್ಟರ ಹತ್ರ ಏನು ಮಾತಾಡ್ದೆ?"

"ಅರ್ಧಕ್ಕರ್ಧ ಅಂತ ಪಾಠ ಮಾಡೋರು ನೀವೇ ಅಲ್ವಾ?"

"ಕೇಳಿದ್ದಕ್ಕೆ ಹೇಳು."

ಅವಳು ಬಾಗಿ ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. "ಬೆರಳೂ ಸರಿ ಮಾಡೋಕಾಗುತ್ತಾ ಅಂತ ಕೇಳ್ದೆ. ನಕ್ಕು, ಹೋಗಮ್ಮ ಅಂದ್ರು."

"ಮಾಡಲ್ಲ ಅಂದ್ರಾ?"

"ಹೋಗಮ್ಮ ಅಂದ್ರು, ಅಷ್ಟೆ."

"ಅದೇನು ಕಾಯಿಲೇನಾ? ಈ ಕಾಲಲ್ಲೇ ನಾನು ಇಷ್ಟು ವರ್ಷ ನಡೆದಿಲ್ವಾ?"

"ಮನೇಲೂ ಕಾಲುಚೀಲ ಬಿಚ್ಚದೋರು ನೀವು. ಮದುವೆಯಾಗಿ ಎಷ್ಟು ತಿಂಗಳಾದ ಮೇಲೆ ನಂಗೆ ಪಾದ ತೋರಿಸಿದ್ರಿ, ನೆನಪಿದೆಯಾ? ಇವಳೂ ಹಾಗೇ ಮುಚ್ಕೊಂಡು ಓಡಾಡ್ಬೇಕಿತ್ತಾ?"

ಅವನು ಕಾಲುಚೀಲದ ಪಾದಗಳನ್ನು ಹಿಂದಕ್ಕೆಳೆದುಕೊಂಡ. ಅನುಮಾನ ಹೋಗಲಿಲ್ಲ. ವೈದ್ಯರನ್ನು ಕೇಳೋಣವೆಂದರೆ, ಮಾಡಿದವರು ಮಾಡಿದೆವೆನ್ನುತ್ತಾರೆಯೇ? ಪರೀಕ್ಷೆ ಮಾಡಿಸಿದರೆ ಬೆರಳಿನ ವಿಷಯ ತಿಳಿದೀತು. ಇವಳು ಮತ್ತೇನೇನು ಕೇಳಿದ್ದಳು ಎಂಬುದು ಯಾವ ಪರೀಕ್ಷೆಯಲ್ಲಿ ತಿಳಿದೀತು?

"ಇನ್ನೇನು ಕೇಳ್ದೆ?"

"ಇನ್ನೇನೂ ಇಲ್ಲ."

ತೀರ ಬೇಗ ಹೇಳಿದಳು ಎನಿಸಿತು.

ಅಷ್ಟರಲ್ಲಿ ಮಗು ಅವನ ಮುಖ ನೋಡಿ, ಹುಟ್ಟಿದ ಮೇಲೆ ಮೊದಲ ಸಲ, ಬಾಯಿತುಂಬ ನಕ್ಕಿತು. ಎಡಗೆನ್ನೆಯಲ್ಲಿ ಪುಟ್ಟ ಗುಳಿ ಬಿದ್ದು ಮಾಯವಾಯಿತು.

"ಅಯ್ಯೋ, ನಕ್ಕಳು ನೋಡ್ರೀ!" ಎಂದಳು ಹೆಂಡತಿ, ಜಗಳ ಮರೆತು.

ಅವನು ನಗುತ್ತಿದ್ದ ಹೆಂಡತಿಯ ಕೆನ್ನೆ ನೋಡಿದ. ಬಾಗಿಲಿಗೆ ಬಂದು ನಿಂತಿದ್ದ ಅಮ್ಮನ ಕೆನ್ನೆ ನೋಡಿದ. ಕೈ ತಾನಾಗಿ ತನ್ನ ಕೆನ್ನೆಗೆ ಹೋಯಿತು. ಗುಳಿ ಯಾರಿಗೂ ಇರಲಿಲ್ಲ. ಆಮೇಲೆ ಮಗುವಿನ ಮೇಲೆ ಬಾಗಿ, ಅದು ಇನ್ನೊಮ್ಮೆ ನಗಲೆಂದು ಕಾದ.