ಗಿಳಿಯ ಬಿಳಿ ಕೊಕ್ಕು

ಚಿತ್ರಗಳಿಗೆ ಚೌಕಟ್ಟು ಹಾಕುವ ಸೋದರಮಾವನ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ಗಾಜು ಒರೆಸುವ ಕೆಲಸ. ಕಣ್ಣೆಲ್ಲ ಇದ್ದದ್ದು ಕುಂಚದ ಮೇಲೆ. ಹಾಗಾಗಿ ಆ ಬೆಳಿಗ್ಗೆ ಮಾವ ನೂರೈವತ್ತು ವರ್ಷ ಹಳೆಯ ಗಿಳಿಯ ಚಿತ್ರವೊಂದನ್ನು ಮುಂದಿಟ್ಟಾಗ ಅವಳು ಒರೆಸುವ ಬಟ್ಟೆ ಬಿಟ್ಟು ಹತ್ತಿರ ಬಂದಳು.

"ಕೊಕ್ಕು ನೋಡು, ಬೆಳ್ಳಗಿದೆ. ಹಲ್ಲಿನ ಡಾಕ್ಟ್ರಿಗೆ ಕೆಂಪು ಕೊಕ್ಕೇ ಬೇಕಂತೆ, ಸಂಜೆ ಬರ್ತಾರೆ. ಒಂದು ತೊಟ್ಟು ಬಣ್ಣ ಹಾಕು. ಚೆನ್ನಾಗಿ ಬಂದ್ರೆ ನಾಳೆಯಿಂದ ಕುಂಚದ ಕೆಲಸ ನಿಂದು. ಕೆಟ್ಟಿತೋ, ಗಾಜಿಗೇ ಗಂಟುಬಿದ್ದಿರು."

ಅದು ಹಳೆಯ ಹಕ್ಕಿ ಪುಸ್ತಕವೊಂದರಿಂದ ಬಿಚ್ಚಿದ ಹಾಳೆ; ಅದೇ ಪುಸ್ತಕದ ಇನ್ನೂ ಹನ್ನೊಂದು ಹಕ್ಕಿಗಳು ಕಪಾಟಿನಲ್ಲಿದ್ದವು. ಅವನ್ನು ಸಾಲಾಗಿ ಹರಡಿ ಭೂತಗನ್ನಡಿ ಹಿಡಿದಳು. ಗೆರೆ ಅಚ್ಚಿನದು, ಬಣ್ಣ ಕೈಯದು. ಕೆಂಪು ಇದ್ದ ಕಡೆಯೆಲ್ಲ, ಮರಕುಟಿಗನ ಜುಟ್ಟಿನಲ್ಲೂ, ಎಳ್ಳಿನಷ್ಟು ಜಾಗ ಬಿಳಿಯಾಗಿಯೇ ಉಳಿದಿತ್ತು. ಬೆಳಕು ಬಂದು ಕೂತ ಹಾಗೆ. ಪ್ರತಿ ಹಾಳೆಯ ಅಡಿಯಂಚಿನಲ್ಲೂ ನಾಲ್ಕು ಪೆನ್ಸಿಲ್ ಗೀಟು. ಆಗೆಲ್ಲ ನಾಲ್ವರು ಸಾಲಾಗಿ ಕೂತು, ಒಬ್ಬೊಬ್ಬರು ತಮ್ಮ ಬಣ್ಣ ತುಂಬಿ, ಗೀಟೆಳೆದು ಪಕ್ಕದವರಿಗೆ ದಾಟಿಸುತ್ತಿದ್ದರೆಂದು ಮಾವನೇ ಒಮ್ಮೆ ಹೇಳಿದ್ದ. ಗಿಳಿಯ ಹಾಳೆಯಲ್ಲಿ ಮೂರೇ ಗೀಟು. ಕೆಂಪು ತುಂಬುವವಳು ಅವತ್ತು ಎಲ್ಲಿ ಹೋಗಿದ್ದಳೋ!

ಅವಳಿಗೆ ಅಜ್ಜಿ ನೆನಪಾದಳು. ಅಜ್ಜಿ ಕಥೆಯ ನಡುವೆ ನಿದ್ದೆಹೋದರೆ ಉಳಿದದ್ದನ್ನು ಬೇರೆ ಯಾರೂ ಹೇಳುವಂತಿರಲಿಲ್ಲ. "ನನ್ನ ರಾಜಕುಮಾರಿ ಅಲ್ಲೇ ಕಾಯ್ತಿರಲಿ, ನಾನೇ ಬರ್ತೀನಿ" ಎನ್ನುತ್ತಿದ್ದಳು.

ಈ ಕೊಕ್ಕೂ ಹಾಗೇ ಕಾಯುತ್ತಿದೆ ಅನ್ನಿಸಿ, ಮಧ್ಯಾಹ್ನವಾದರೂ ಕುಂಚ ಒದ್ದೆಯಾಗಲಿಲ್ಲ. ಕೊನೆಗೆ ಅವಳು ಗಾಜನ್ನೇ ಎಳೆದುಕೊಂಡು, ಅದರ ಒಳಮೈಗೆ, ಕೊಕ್ಕು ಬರುವ ಜಾಗಕ್ಕೆ ಸರಿಯಾಗಿ ಕೆಂಪು ಹಚ್ಚಿದಳು. ಎಳ್ಳಿನಷ್ಟು ಬಿಟ್ಟು.

ಸಂಜೆ ಮಾವ ಚೌಕಟ್ಟನ್ನು ಎತ್ತಿ ಹಿಡಿದ. "ಭೇಷ್" ಎನ್ನುತ್ತ ಡಾಕ್ಟರು ಸ್ಟೂಲಿನ ಮೇಲೆ ಕೂತರು. ಕೂತದ್ದೇ ಹುಬ್ಬೇರಿತು. ಗಾಜಿಗೂ ಹಾಳೆಗೂ ನಡುವೆ ಅರ್ಧ ಬೆರಳು ಸಂದು. ಕೆಳಗಿನಿಂದ ನೋಡಿದರೆ ಕೆಂಪು ಮೇಲೆ ಸರಿದು, ಅಡಿಯಲ್ಲಿ ಬಿಳಿ ಕೊಕ್ಕು ಇಣುಕುತ್ತಿತ್ತು.

"ಇದೇನ್ರೀ, ಬಾಯಿ ತೆಗೀತಲ್ಲ!"

ಮಾವನ ಮುಖವೂ ಕೆಂಪಾಯಿತು. "ಏನೇ ಮಾಡಿದ್ದೀಯಾ?"

"ಬಣ್ಣ ಗಾಜಿಗೆ ಹಚ್ಚಿದ್ದು ಮಾವ, ಕೆರೆದ್ರೆ ಹೋಗುತ್ತೆ. ಹಾಳೆ ಮುಟ್ಟಿಲ್ಲ" ಎಂದವಳು ಮೂರು ಗೀಟಿನ ವಿಷಯ ಹೇಳಿದಳು. 

ಡಾಕ್ಟರು ಎದ್ದರು, ಕೂತರು, ಮತ್ತೆ ಎದ್ದರು. "ಎಷ್ಟು ಗೋಗರೆದ್ರೂ ಬಾಯಿ ಬಿಡದೋರು ಬರ್ತಾರಮ್ಮ ನನ್ನ ಹತ್ರ. ಇದು ನಾನು ಕೂತ ತಕ್ಷಣ ಬಿಡುತ್ತೆ! ಹೀಗೇ ಇರಲಿ, ಕಟ್ಟಿಕೊಡಿ."

ಅವರು ಹೋದ ಮೇಲೆ ಮಾವ ಕುಂಚಗಳ ಡಬ್ಬಿಯನ್ನು ಅವಳತ್ತ ತಳ್ಳಿದ.

"ಗಾಜೂ ನೀನೇ ಒರೆಸು. ಬೇರೆಯವರ ಕೈಗೆ ಕೊಟ್ರೆ ಮುಂದಿನ ಗಿಳಿ ಬಾಯಿ ಒರೆಸಿಯೇ ಹೋದೀತು."