ಬೀಗದೊಳಗಿನ ದನಿ

ಪ್ರಜ್ವಲ್ ದೊಡ್ಡಪ್ಪನ ತಣ್ಣಗಿನ ಹೆಬ್ಬೆರಳನ್ನು ಫೋನಿನ ಮೇಲೆ ಮತ್ತೊಮ್ಮೆ ಒತ್ತಿದ. ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಜೀವ ಹೋದ ಮೈಯಲ್ಲಿ ಬೇರೆ ಜೀವಗಳು ಹುಟ್ಟುವ ಮೊದಲೇ ದಹನವಾಗಬೇಕೆಂದು ಬಸದಿಯ ಹಿರಿಯರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ತಲೆದೆಸೆಯಲ್ಲಿ ಕೂತಿದ್ದ ವಿಮಲಮ್ಮನಿಗೆ ಗಂಡನ ಮುಖಕ್ಕಿಂತ ಆ ಫೋನಿನ ಮೇಲೇ ಕಣ್ಣು.

"ತೆರೀತಾ ಮಗಾ?"

"ಇಲ್ಲ ದೊಡ್ಡಮ್ಮ, ಪಾಸ್‌ವರ್ಡ್ ಕೇಳ್ತಿದೆ. ಇದನ್ನ ಯಾರಾದ್ರೂ ಆಫ್ ಮಾಡಿ ಆನ್ ಮಾಡಿದ್ರಾ?"

"ನಾನೇ ಮಾಡಿದ್ದು."

ಪ್ರಜ್ವಲ್ ಬೆರಳನ್ನು ಬಿಟ್ಟುಬಿಟ್ಟ. ಒಮ್ಮೆ ಆಫ್ ಮಾಡಿದರೆ ಫೋನು ಬೆರಳನ್ನು ನಂಬುವುದಿಲ್ಲ, ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುತ್ತದೆ ಎಂದು ತಗ್ಗಿದ ದನಿಯಲ್ಲಿ ತಿಳಿಸಿದ.

ಬೆಳಗಿನ ಜಾವ ಗಂಡ ಆದಿರಾಜನಿಗೆ ಮೇಲುಸಿರು ಶುರುವಾದಾಗ ವಿಮಲಮ್ಮ ಅವನ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಳು. ಹೋಗುವ ಜೀವಕ್ಕೆ ಕಡೆಯದಾಗಿ ಅದೊಂದೇ ಕೇಳಿಸಬೇಕು. ಆಗಲೇ ಯಾವುದೋ ಆಫೀಸಿನಿಂದ ಫೋನು ಬಡಿದುಕೊಳ್ಳತೊಡಗಿತು. ಅವರ ಕಂಪ್ಯೂಟರಿಗೆ ಯಾರೋ ನುಗ್ಗಿರಬೇಕು. ಇವಳು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು. ಅವನ ಬೆರಳಿನಲ್ಲಿ ಆಗ ಇನ್ನೂ ಬಿಸಿ ಇತ್ತು.

*

ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಂಪನಿಗಳ ಗುಟ್ಟು ಕಾಯುವುದೇ ಆದಿರಾಜನ ಕಸುಬು. ಮಲಯಾಳ ಸೀಮೆಯ ಕಾಟ್ಟಿಕುಳಂ ಹತ್ತಿರದ ಈ ಮನೆಯಲ್ಲಿ ಕೂತು ದೂರದ ಬ್ಯಾಂಕುಗಳಿಗೂ ಬುದ್ಧಿ ಹೇಳುತ್ತಿದ್ದ, ಅದನ್ನೇ ದಪ್ಪ ದಪ್ಪ ಪುಸ್ತಕಗಳಾಗಿ ಬರೆಯುತ್ತಿದ್ದ. ಮಗಳು ಜಿನಶ್ರೀ ಮಾನಂದವಾಡಿಯ ಹಾಸ್ಟೆಲಿನಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ಉಳಿದದ್ದು ಅವಳು ಅಮ್ಮನ ಫೋನಿಗೆ ಮಾತಾಡಿ ಕಳಿಸಿದ್ದ ಒಂದು ದನಿ. ಈರುಳ್ಳಿ ಮುಟ್ಟದ ಮನೆಯ ಹುಡುಗಿ, ಹಾಸ್ಟೆಲಿನಲ್ಲಿ ಮಜ್ಜಿಗೆಯೇ ಗತಿ.

"ಅಮ್ಮಾ, ಇವತ್ತೂ ಸಾಂಬಾರಿಗೆ ಉಳ್ಳಿ ಹಾಕಿದ್ರು. ನಾನು ಮೋರು ಅನ್ನ ತಿಂದೆ. ನೀನು ಬೇಜಾರ್ ಮಾಡ್ಬೇಡ."

ಕರೆಂಟು ಕಡಿಯುತ್ತೇವೆಂದು ಬಂದ ಸುಳ್ಳು ಮೆಸೇಜನ್ನು ವಿಮಲಮ್ಮ ಒಮ್ಮೆ ಒತ್ತಿಬಿಟ್ಟಿದ್ದಳು. ಆದಿರಾಜ ರೇಗಿ, ಮಗಳ ದನಿಯನ್ನು ತನ್ನ ಫೋನಿಗೆ ಸಾಗಿಸಿ, ಹೆಂಡತಿಯ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿದ. "ನಿನ್ನ ಕೈಲಿದ್ರೆ ಕಳೆದುಹೋಗುತ್ತೆ. ನನ್ನ ಹತ್ರ ಇದ್ರೆ ಯಾರಪ್ಪನಿಗೂ ಸಿಗಲ್ಲ," ಅಂದ.

ಅಂದಿನಿಂದ ಪ್ರತಿ ಭಾನುವಾರ ಊಟವಾದ ಮೇಲೆ ಅವನು ಬೆರಳೊತ್ತಿ ಕೊಡುವುದು, ಅವಳು ಜಗಲಿಯಲ್ಲಿ ಕೂತು ಕಿವಿಗಿಟ್ಟುಕೊಳ್ಳುವುದು. ಅಂಗಳ ಗುಡಿಸುವ ಕಾರ್ತು ಆ ಹೊತ್ತಿಗೆ ಪೊರಕೆ ಕೆಳಗಿಡುತ್ತಿದ್ದಳು. ಪಾಸ್‌ವರ್ಡ್ ಹೇಳಿಕೊಡಿ ಎಂದು ವಿಮಲಮ್ಮ ಒಮ್ಮೆ ಕೇಳಿದ್ದುಂಟು. ಹೆಂಡತಿಗೆ ಹೇಳಿದ್ದು ಪಾಸ್‌ವರ್ಡೇ ಅಲ್ಲ ಅನ್ನುವುದು ಅವನು ಎಲ್ಲ ಭಾಷಣದಲ್ಲೂ ಹಾರಿಸುವ ಚಟಾಕಿ. ಜನ ನಗುತ್ತಿದ್ದರು. ಅವಳಿಗೂ ಅದನ್ನೇ ಅಂದ. ಅವಳೂ ನಕ್ಕಳು, ಪಾಪ.

*

"ಮಗಳ ಹೆಸರು ಹಾಕಿ ನೋಡು," ಅಂದಳು ವಿಮಲಮ್ಮ.

ಮನೆಯವರ ಹೆಸರು ಹಾಕಬಾರದೆಂದು ದೊಡ್ಡಪ್ಪನೇ ಪುಸ್ತಕದಲ್ಲಿ ಬರೆದಿದ್ದಾರೆ ಎಂದು ಪ್ರಜ್ವಲ್ ಗೊಣಗಿದ. ಆದರೂ ಹಾಕಿದ. ಆಗಲಿಲ್ಲ. ಹೀಗೇ ತಪ್ಪುತ್ತಾ ಹೋದರೆ ಒಳಗಿರುವುದನ್ನೆಲ್ಲ ಅದೇ ಅಳಿಸಿಹಾಕುವಂತೆ ದೊಡ್ಡಪ್ಪ ಮಾಡಿಟ್ಟಿರುತ್ತಾರೆ ಎಂದು ಹೆದರಿ ನಿಲ್ಲಿಸಿದ. ಲ್ಯಾಪ್‌ಟಾಪಿನಲ್ಲೊಂದು ನಕಲು ಇರಬಹುದು, ಅದಕ್ಕೂ ಬೀಗ.

ಹೆಣ ಎತ್ತಿದರು. ಕೋಝಿಕ್ಕೋಡಿನಿಂದ ಬಂದಿದ್ದ ಬ್ಯಾಂಕಿನ ಕರುಣಾಕರನ್ ಹೆಗಲು ಕೊಟ್ಟರು. ಆದಿರಾಜ್ ಸಾರ್ ಹಾಕಿದ ಬೀಗವನ್ನು ಈವರೆಗೆ ಒಬ್ಬನೂ ಒಡೆದಿಲ್ಲ ಎಂದು ದಾರಿಯುದ್ದಕ್ಕೂ ಮಲಯಾಳದಲ್ಲಿ ಹೇಳುತ್ತಾ ಹೋದರು. ಹೆಂಗಸರು ಗೇಟಿನಲ್ಲೇ ನಿಂತರು. ವಿಮಲಮ್ಮ ಅತ್ತಳು. ಯಾವ ಸಾವಿಗೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಪ್ರಜ್ವಲ್ ಗೊತ್ತಿದ್ದವರನ್ನೆಲ್ಲ ಕೇಳಿ ಮುಗಿಸಿದ್ದ. ಅವಳ ಮುಂದೆ ಬಂದು ಕೂತ.

"ಯಾರ ಕೈಲೂ ಆಗಲ್ಲ ದೊಡ್ಡಮ್ಮ. ಬಿಟ್ಟುಬಿಡಿ."

ಬಿಡುವುದೆಂದರೆ ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಫೋನು ತೆಗೆದುಕೊಂಡು ಜಗಲಿಗೆ ಬಂದು, ಎಂದಿನ ಜಾಗದಲ್ಲಿ ಕೂತು, ಕಿವಿಗಿಟ್ಟುಕೊಂಡಳು.

ಚಟ್ಟದ ಬಿದಿರು ಚೂರುಗಳನ್ನು ಗುಡಿಸುತ್ತಿದ್ದ ಕಾರ್ತು ಅದನ್ನು ನೋಡಿದಳು. ಬೀಗದ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಪೊರಕೆ ಮೆಲ್ಲಗೆ ಕೆಳಗಿಟ್ಟು, ಬೊಗಳುತ್ತಿದ್ದ ನಾಯಿಯನ್ನು ಗದರಿಸಿ ಸುಮ್ಮನಾಗಿಸಿ, ಮಗಳು ಮಾತು ಮುಗಿಸಲೆಂದು ಮೆಟ್ಟಿಲ ಬಳಿ ಕಾಯುತ್ತಾ ನಿಂತಳು.