ಗ್ರಾನೊವ್ ಯಂತ್ರ ಮತ್ತು ಗ್ರಾನೊವ್ ಮೀಸೆ

ನನ್ನ ಗಂಡ ಜೆಲಿಗ್ ಗ್ರಾನೊವ್ ಜೀವನದಲ್ಲಿ ಎರಡನ್ನೇ ಸಾಕಿ ಬೆಳೆಸಿದ. ಒಂದು ಲೆಕ್ಕದ ಯಂತ್ರ, ಇನ್ನೊಂದು ಮೀಸೆ. ನಾನು ಮದುವೆಯಾಗಿ ಬಂದಾಗ ಯಂತ್ರ ಇರಲಿಲ್ಲ, ಮೀಸೆ ಇತ್ತು. ಒಡೆಸ್ಸಾದ ಗ್ರೀಕ್ ಬೀದಿಯಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಒಳಗೆ ಹೋದವರಿಗೆ ಮೊದಲು ಕಾಣುವುದು ಮೀಸೆ, ಆಮೇಲೆ ಗಡಿಯಾರ, ಕೊನೆಗೆ ಜೆಲಿಗ್. ಮೇಲ್ದುಟಿಯನ್ನು ಪೂರ್ತಿ ನುಂಗಿ ಕೆಳದುಟಿಯ ಮೇಲೂ ಕಣ್ಣಿಟ್ಟಿದ್ದ ಮೀಸೆ ಅದು. ಅದರ ಹಿಂದೆ ಎಂಥ ತುಟಿ ಇದೆಯೆಂದು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ನನಗೆ ಗೊತ್ತಿರಲಿಲ್ಲ.

ಯಂತ್ರದ ಹುಚ್ಚು ಹಿಡಿದದ್ದು ಮದುವೆಯಾದ ಮೂರನೇ ವರ್ಷ. ಮನುಷ್ಯನ ತಲೆ ಎಣಿಸುವುದಕ್ಕಲ್ಲ, ಯೋಚಿಸುವುದಕ್ಕೆ ಇರುವುದು ಎಂದು ಊರಿಗೆಲ್ಲ ಸಾರಿದ. ಸಾರಿದ್ದೇನೋ ಸರಿ, ಮೊದಲ ಯಂತ್ರಕ್ಕೆ ಒಂಬತ್ತು ಕಂಡರೆ ಆಗುತ್ತಿರಲಿಲ್ಲ. ಒಂಬೈನೂರ ತೊಂಬತ್ತೊಂಬತ್ತಕ್ಕೆ ಒಂದು ಕೂಡಿಸಿದರೆ ಚಕ್ರಗಳೆಲ್ಲ ಒಂದೇ ಸಲ ತಿರುಗಬೇಕು ನೋಡಿ. ಅವು ತಿರುಗುವ ಬದಲು ಹಲ್ಲು ಮುರಿದುಕೊಂಡು ಮನೆ ತುಂಬ ಹಾರುತ್ತಿದ್ದವು. ಒಂದು ಹಲ್ಲು ನಾನು ಮಾಡಿದ ಬೀಟ್‌ರೂಟ್ ಸಾರಿಗೆ ಬಿದ್ದು ಊಟಕ್ಕೆ ಬಂದಿದ್ದ ನನ್ನ ಅಣ್ಣನಿಗೆ ಸಿಕ್ಕಿತು. ಹಿತ್ತಾಳೆ ಹಲ್ಲಿಗೆ ಏನೂ ಆಗಲಿಲ್ಲ. ಅಣ್ಣ ಆಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಬರೀ ಬ್ರೆಡ್ ತಿನ್ನುತ್ತಿದ್ದ.

ಯಂತ್ರ ಸರಿಹೋಗಲು ಆರು ವರ್ಷ ಹಿಡಿಯಿತು. ಅದಕ್ಕಿಂತ ಕಷ್ಟದ್ದು ಮಾರಾಟ. ಬಂದರಿನ ಕಚೇರಿಗಳಲ್ಲಿ ಗುಮಾಸ್ತರ ಮುಂದೆ ಮರದ ಮಣಿ ಚೌಕಟ್ಟು ಇರುತ್ತದೆ, ಅವರ ಬೆರಳು ಅದರ ಮೇಲೆ ಕುಣಿಯುತ್ತಿರುತ್ತದೆ. ಜೆಲಿಗ್ ಯಂತ್ರದ ಹಿಡಿ ತಿರುಗಿಸಿ ಉತ್ತರ ತೋರಿಸಿದರೆ ಅವರು ಮಣಿಗಳನ್ನು ಟಕಟಕ ಎಳೆದು ನೋಡಿ, ಸರಿಯಾಗಿದೆ ಎಂದು ಯಂತ್ರದ ಬೆನ್ನು ತಟ್ಟಿ, ವಾಪಸ್ ಕಳಿಸುತ್ತಿದ್ದರು. ಆಗ ಅವನಿಗೆ ಹೊಳೆದದ್ದು ಮೀಸೆ. ಅಂಗಡಿಯ ಮೇಲೆ ಆಳುದ್ದ ಮೀಸೆಯ ಚಿತ್ರ ಬರೆಸಿ ಕೆಳಗೆ ದಪ್ಪಕ್ಷರದಲ್ಲಿ ಹಾಕಿಸಿದ: ಗ್ರಾನೊವ್ ಯಂತ್ರ ಒಂದೇ ಒಂದು ಸಲ ತಪ್ಪಿದರೆ ಗ್ರಾನೊವ್ ಮೀಸೆ ಬೋಳಿಸಿಕೊಳ್ಳುವನು.

ಒಡೆಸ್ಸಾದ ಜನಕ್ಕೆ ಇಷ್ಟು ಸಾಕಿತ್ತು. ಆ ಮೀಸೆ ತೆಗೆಸಲೇಬೇಕೆಂದು ದಿನಾ ಹತ್ತಾರು ಜನ ಉದ್ದುದ್ದ ಗುಣಾಕಾರ ಹೊತ್ತು ತಂದರು. ಜೆಲಿಗ್ ಹಿಡಿ ತಿರುಗಿಸುತ್ತಿದ್ದ, ತಿರುಗಿಸುವಾಗ ಮೀಸೆ ಸಣ್ಣಗೆ ಅದುರುತ್ತಿತ್ತು. ಯಂತ್ರದ ಅದುರು ಮೈಗೆ ಹತ್ತಿ ಹಾಗಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಯಂತ್ರ ಒಂದು ಸಲವೂ ತಪ್ಪಲಿಲ್ಲ. ಸೋತವರು ನಾಚಿಕೆಗೆ ಒಂದೊಂದು ಕೊಂಡರು. ರಿಪೇರಿ ಅಂಗಡಿ ಕಾರ್ಖಾನೆಯಾಯಿತು, ಒಂಬತ್ತು ಜನ ಕೆಲಸದವರಾದರು. ಡಬ್ಬಿಗಳಲ್ಲಿ ತಿರುಪು ಎಣಿಸಿಡುವುದು ನನ್ನ ಕೆಲಸ. ನಾನು ಮೊತ್ತ ಕೂಗುತ್ತಿದ್ದೆ, ಅವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ಜೆಲಿಗ್ ಹೇಗಾದಾನು. ನಮ್ಮ ಊರಿನ ದೊಡ್ಡ ತಲೆನೋವು ತಾರೀಖು. ನಮ್ಮಲ್ಲಿ ಒಂದನೇ ತಾರೀಖಾದರೆ ಕಡಲಾಚೆ ಟ್ರಿಯೆಸ್ಟಿನಲ್ಲಿ ಆಗಲೇ ಹದಿಮೂರು. ನಮ್ಮದು ರಷ್ಯಾದ ಹಳೆಯ ಪಂಚಾಂಗ, ಯುರೋಪಿನವರದು ಹೊಸದು, ಅವರು ನಮಗಿಂತ ಹನ್ನೆರಡು ದಿನ ಮುಂದೆ. ಹಡಗು ಯಾವತ್ತು ಬರುತ್ತದೆಂದು ತಂತಿ ಬಂದರೆ ಗುಮಾಸ್ತರು ಬೆರಳು ಮಡಚಿ ಮಡಚಿ ಹಿಂದಕ್ಕೆ ಎಣಿಸಬೇಕು. ಜೆಲಿಗ್ ಯಂತ್ರದ ಪಕ್ಕಕ್ಕೆ ಹನ್ನೆರಡು ಹಲ್ಲಿನ ಪುಟ್ಟ ಚಕ್ರ ಸೇರಿಸಿದ. ಅವರ ತಾರೀಖು ಇಟ್ಟು ಸನ್ನೆಕೋಲು ಎಳೆದರೆ ನಮ್ಮ ತಾರೀಖು. ಬಂದರಿನ ಸುತ್ತಮುತ್ತ ಅಂಥ ಮೂವತ್ತೊಂದು ಯಂತ್ರ ಹೋದವು, ಬೆರಳು ಮಡಚುವುದನ್ನು ಜನ ಮರೆತೇಬಿಟ್ಟರು.

ಸಾವಿರದ ಒಂಬೈನೂರನೇ ಇಸವಿಯ ಮಾರ್ಚ್ ಬಂತು. ಆ ತಿಂಗಳು ಬಂದರಿನಲ್ಲಿ ಏನೋ ಗ್ರಹಚಾರ. ಹಡಗುಗಳು ಒಂದು ದಿನ ಮೊದಲೇ ಬಂದು ನಿಂತಿರುತ್ತಿದ್ದವು, ಸಾಹುಕಾರರು ಗುಮಾಸ್ತರಿಗೆ ಬೈಯುತ್ತಿದ್ದರು, ಗುಮಾಸ್ತರು ಗಾಳಿಗೆ ಬೈಯುತ್ತಿದ್ದರು. ಯಂತ್ರವನ್ನು ಬೈಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬಾಗಿಲ ಮೇಲೆ ಮೀಸೆ ಇತ್ತಲ್ಲ.

ನಮ್ಮ ಬೀದಿಯಲ್ಲೇ ನಿಂಬೆಹಣ್ಣಿನ ವ್ಯಾಪಾರಿ ಫೋತಿಸ್ ಕರಾಲಿಸ್ ಇದ್ದ. ಗ್ರೀಕ, ಒಳ್ಳೆಯವನು, ಅತ್ತೆಗೆ ಮಾತ್ರ ಹೆದರುವವನು. ಅತ್ತೆ ಕಲಿಯೋಪಿ ಟ್ರಿಯೆಸ್ಟಿನಿಂದ ಬರುವವಳಿದ್ದಳು. ಏಪ್ರಿಲ್ ಐದಕ್ಕೆ ಇಳಿಯುತ್ತೇನೆಂದು ಬರೆದಿದ್ದಳು, ಅಂದರೆ ಅವರ ಏಪ್ರಿಲ್ ಐದು. ಕರಾಲಿಸ್ ನಮ್ಮ ಯಂತ್ರದ ಸನ್ನೆ ಎಳೆದ. ಮಾರ್ಚ್ ಇಪ್ಪತ್ತನಾಲ್ಕು ಎಂದು ಬಂತು. ಇಪ್ಪತ್ತನಾಲ್ಕಕ್ಕೆ ಹೂಗುಚ್ಛ, ಕುದುರೆಗಾಡಿ, ಹೊಸ ಟೋಪಿ ಎಲ್ಲ ಗೊತ್ತುಮಾಡಿದ. ಅತ್ತೆ ಇಳಿದದ್ದು ಇಪ್ಪತ್ತಮೂರಕ್ಕೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಪೆಟ್ಟಿಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಆಮೇಲೆ ತಾನೇ ಗಾಡಿ ಹಿಡಿದು ಮನೆಗೆ ಬಂದಳು. ಅಳಿಯ ಅಂಗಿಯ ತೋಳು ಮಡಚಿ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದ.

ಮರುದಿನ ಬೆಳಿಗ್ಗೆ ಅವಳು ನಮ್ಮ ಅಂಗಡಿಗೆ ಬಂದಳು. ಹಿಂದೆ ಅಳಿಯ, ಅವನ ಹಿಂದೆ ಅರ್ಧ ಬೀದಿ. ಎಪ್ಪತ್ತು ದಾಟಿದ ಹೆಂಗಸು, ಕಿವಿ ಮಂದ. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವಳು. ಜೆಲಿಗ್ ಏನೋ ಸಮಾಧಾನ ಹೇಳಹೊರಟ. ಅವಳು ಕೈ ಅಡ್ಡ ಹಿಡಿದಳು.

"ಈ ಮನುಷ್ಯ ಏನ್ ಹೇಳ್ತಿದಾನೋ ಒಂದಕ್ಷರ ಕಾಣಲ್ಲ. ಬಾಯಿಗೆ ಪರದೆ ಕಟ್ಕೊಂಡು ವ್ಯಾಪಾರ ಮಾಡ್ತಾನೆ" ಎಂದಳು.

ಜೆಲಿಗ್ ಏಪ್ರಿಲ್ ಐದು ಇಟ್ಟು ಸನ್ನೆ ಎಳೆದ. ಇಪ್ಪತ್ತನಾಲ್ಕು. ಮತ್ತೆ ಎಳೆದ. ಇಪ್ಪತ್ತನಾಲ್ಕೇ. ಆಮೇಲೆ, ಎಷ್ಟೋ ವರ್ಷದ ಮೇಲೆ ಮೊದಲ ಸಲ ಎಲ್ಲರೆದುರು ಕಾಗದ ಪೆನ್ಸಿಲ್ ತೆಗೆದುಕೊಂಡ. ಬರೆಯುತ್ತಾ ಬರೆಯುತ್ತಾ ಅವನ ಕಿವಿ ಬೆಳ್ಳಗಾದವು.

"ಬಾಸ್ಯಾ, ಹೋದ ತಿಂಗಳು ಫೆಬ್ರವರಿಗೆ ಇಪ್ಪತ್ತೊಂಬತ್ತು ಇತ್ತಲ್ವಾ?" ಎಂದು ನನ್ನನ್ನು ಕೇಳಿದ.

"ಇತ್ತು. ನೀನೇ ಅವತ್ತು ಮೀನು ಜಾಸ್ತಿ ಉಪ್ಪಾಗಿದೆ ಅಂದೆ."

"ನಮಗಿತ್ತು. ಅವರಿಗಿರಲಿಲ್ಲ. ನೂರು ವರ್ಷಕ್ಕೊಂದ್ಸಲ ಅವರು ಆ ದಿನ ಬಿಟ್ಟುಬಿಡ್ತಾರೆ, ಇನ್ನು ಎರಡು ಸಾವಿರದ ಇಸವೀಲಿ ಮಾತ್ರ ಬಿಡಲ್ಲ. ಈಗ ಹನ್ನೆರಡಲ್ಲ ಕಣೆ, ಹದಿಮೂರು."

ನಮ್ಮ ಅಪ್ಪ ಹುಟ್ಟುವ ಮೊದಲಿನಿಂದ ಅದು ಹನ್ನೆರಡೇ. ಹನ್ನೆರಡನ್ನು ಯಾರು ಎಣಿಸಿ ನೋಡುತ್ತಾರೆ? ನನಗೆ ನಿಜವಾಗಿ ಹೆದರಿಕೆಯಾಯಿತು. ಮೀಸೆ ಹೋದರೆ ಬಾಗಿಲ ಮೇಲಿನ ಮಾತು ಹೋಯಿತು, ಮಾತು ಹೋದರೆ ಕಾರ್ಖಾನೆ ಹೋಯಿತು, ಒಂಬತ್ತು ಜನ ಕೆಲಸದವರ ಒಲೆಯೂ ಹೋಯಿತು. ಅದಕ್ಕೇ ವಾದಕ್ಕೆ ನಿಂತೆ. ಯಂತ್ರ ತಪ್ಪಿಲ್ಲ, ತಪ್ಪಿದ್ದು ಫೆಬ್ರವರಿ, ಬೇಕಾದರೆ ಫೆಬ್ರವರಿಯ ಮೀಸೆ ಬೋಳಿಸಿ ಎಂದೆ. ಜನ ನಕ್ಕರು. ಕರಾಲಿಸನೂ ಪಾಪ, ಒಂದು ದಿನ ಹೆಚ್ಚುಕಮ್ಮಿ ಏನು ಮಹಾ, ತನಗೆ ದೂರೇ ಇಲ್ಲ ಎಂದ. ಅತ್ತೆ ಅವನ ಕಡೆ ತಿರುಗಿದಳು, ಅವನು ಎರಡು ಹೆಜ್ಜೆ ಹಿಂದೆ ಸರಿದು ಜನರ ಮಧ್ಯೆ ಸೇರಿಕೊಂಡ.

ಜೆಲಿಗ್ ಮಾತ್ರ ತಲೆ ಅಲ್ಲಾಡಿಸಿದ. "ಹನ್ನೆರಡು ಹಲ್ಲು ಕೊರೆದಿದ್ದು ಫೆಬ್ರವರಿ ಅಲ್ಲ, ನಾನು. ಸವ್ವಾನ ಕರೀರಿ."

ಸವ್ವಾ ನಮ್ಮ ಬೀದಿಯ ಕ್ಷೌರಿಕ. ಆ ಮೀಸೆಗೆ ಇಪ್ಪತ್ತು ವರ್ಷ ಮೇಣ ತೀಡಿದವನು. ಕತ್ತಿ ಹಿಡಿದು ನಿಂತವನ ಕೈ ಗಡಗಡ ನಡುಗಿತು, ಕಣ್ಣಲ್ಲಿ ನೀರು. ಹೀಗೇ ಬಿಟ್ಟರೆ ಮೀಸೆಯ ಜೊತೆ ಮೂಗೂ ಹೋಗುತ್ತದೆಂದು ಕತ್ತಿ ನಾನೇ ಕಿತ್ತುಕೊಂಡೆ. ಎಡಗಡೆ ತೆಗೆದೆ, ಬಲಗಡೆ ತೆಗೆದೆ. ಒಳಗಿಂದ ಹೊರಬಂದದ್ದು ತೆಳ್ಳಗಿನ, ಬಿಸಿಲೇ ಕಾಣದ, ಹದಿನೆಂಟರ ಹುಡುಗನಂಥ ಮೇಲ್ದುಟಿ. ಇಷ್ಟು ಚಂದದ್ದನ್ನು ಮುಚ್ಚಿಟ್ಟುಕೊಂಡು ನನಗೆ ಮೋಸ ಮಾಡಿದನಲ್ಲ ಎಂದು ಸಿಟ್ಟೇ ಬಂತು.

ಕಲಿಯೋಪಿ ಹತ್ತಿರ ಬಂದು ಅವನ ಮುಖವನ್ನು ನೋಡಿದಳು. ಮೀಸೆ ಸಿಕ್ಕರೂ ಅವಳಿಗೆ ತೃಪ್ತಿಯಾಗಿರಲಿಲ್ಲ.

"ಈಗ ಒಂದು ಲೆಕ್ಕ ಮಾಡು. ಪೆಟ್ಟಿಗೆ ಮೇಲೆ ಕೂತು ಕಡಲಹಕ್ಕಿ ಎಣಿಸಿದೀನಿ. ಗಂಟೆಗೆ ನಾನೂರ ಎಂಬತ್ತೇಳು ಹಾರಿದ್ವು. ಒಂಬತ್ತು ಗಂಟೆಗೆ ಎಷ್ಟು?"

ಜೆಲಿಗ್ ಸಂಖ್ಯೆ ಇಟ್ಟು ಹಿಡಿ ತಿರುಗಿಸತೊಡಗಿದ. ಒಂದು ಸುತ್ತು, ಎರಡು, ಮೂರು. ಐದನೇ ಸುತ್ತಿಗೆ ಕಲಿಯೋಪಿ ಅವನ ಬಾಯಿ ನೋಡುತ್ತಾ ಜೋರಾಗಿ ಹೇಳಿದಳು: "ನಾಲ್ಕು ಸಾವಿರದ ಮುನ್ನೂರ ಎಂಬತ್ತಮೂರು."

ಒಂಬತ್ತನೇ ಸುತ್ತು ಮುಗಿದು ಕಿಂಡಿಗಳಲ್ಲಿ ಅಂಕಿ ನಿಂತವು. ನಾಲ್ಕು ಸಾವಿರದ ಮುನ್ನೂರ ಎಂಬತ್ತಮೂರು. ಮುದುಕಿ ಗಣಿತದ ಪಂಡಿತೆ ಎಂದು ಜನ ಬಾಯಿ ಬಿಟ್ಟುಕೊಂಡು ನೋಡಿದರು.

"ನನಗೆಲ್ಲಿಂದ ಬರುತ್ತೆ ಗಣಿತ" ಎಂದಳು ಅವಳು. "ಇವನೇ ಹೇಳ್ದ. ತುಟಿಯೊಳಗೇ ಎಣಿಸ್ತಿದಾನೆ, ನಿಮ್ಮ ಯೆಹೂದಿಗಳ ಯಿದ್ದಿಷ್ ಭಾಷೇಲಿ. ಅದು ಜರ್ಮನ್ನಿನ ತಂಗಿ. ಜರ್ಮನ್ ಬಲ್ಲೋಳಿಗೆ ಅಷ್ಟು ತಿಳಿಯಲ್ವಾ? ಯಂತ್ರ ಮುಗಿಸೋಕೆ ಮುಂಚೆ ಇವನು ಮುಗಿಸಿರ್ತಾನೆ."

ಎಲ್ಲರೂ ಜೆಲಿಗ್‌ನ ತುಟಿಯನ್ನೇ ನೋಡಿದರು. ಕಳ್ಳ ಸಿಕ್ಕಿಬಿದ್ದಂತೆ ಅವನು ಅದನ್ನು ಕೈಯಿಂದ ಮುಚ್ಚಿಕೊಂಡ. ಇಷ್ಟು ವರ್ಷ ಮೀಸೆಯನ್ನು ಅದುರಿಸಿದ್ದು ಯಂತ್ರವಲ್ಲ. ಮನುಷ್ಯನ ತಲೆ ಎಣಿಸುವುದಕ್ಕಲ್ಲ ಎಂದು ಊರಿಗೆಲ್ಲ ಸಾರಿದವನು, ಪ್ರತಿ ಗಿರಾಕಿಯ ಪ್ರತಿ ಲೆಕ್ಕವನ್ನೂ ಮೀಸೆಯ ಹಿಂದೆ ಕೂತು ಎಣಿಸಿದ್ದ. ಎಣಿಸದೆ ಬಿಟ್ಟದ್ದು ಆ ಹನ್ನೆರಡನ್ನು ಮಾತ್ರ.

"ಅಷ್ಟೂ ನಂಬಿಕೆ ಇಲ್ದೆ ಮಾರಿದ್ಯಾ?" ಎಂದೆ.

"ನಂಬಿಕೆ ಇದೆ ಕಣೆ. ಮಗು ನಡೆಯೋದು ಕಲಿತ್ಮೇಲೂ ತಾಯಿ ಹಿಂದೆ ಕೈ ಚಾಚ್ಕೊಂಡೇ ಹೋಗ್ತಾಳಲ್ಲ, ಹಾಗೆ."

ನಮ್ಮ ಕಥೆ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಕಲಿಯೋಪಿ ಅಳಿಯನ ಕಡೆ ತಿರುಗಿ, ಹೀಗೆ ಹಿಂದೆ ಕಾಯುವವನ ಯಂತ್ರವಾದರೆ ಮಗಳ ಮನೆಗೆ ಇನ್ನೊಂದು ಇರಲಿ ಎಂದಳು. ಕರಾಲಿಸ್ ತಕ್ಷಣ ಕೊಂಡ. ಅವಳು ಹೇಳಿದರೆ ಅವನು ನಮ್ಮ ಅಂಗಡಿಯ ಬಾಗಿಲನ್ನೂ ಕೊಳ್ಳುತ್ತಿದ್ದ. ಮೂವತ್ತೊಂದು ಯಂತ್ರಗಳಿಗೂ ಹದಿಮೂರು ಹಲ್ಲಿನ ಚಕ್ರವನ್ನು ಜೆಲಿಗ್ ತಾನೇ ಹೋಗಿ ಹಾಕಿ ಬಂದ. ಬಾಗಿಲ ಮೇಲೆ ಹೊಸದಾಗಿ ಬರೆಸಿದ: ಈ ಯಂತ್ರ ಇಸವಿ ಎರಡು ಸಾವಿರದ ನೂರರ ಫೆಬ್ರವರಿವರೆಗೆ ತಪ್ಪದು, ಆಮೇಲೆ ದೂರಿದ್ದರೆ ಖುದ್ದಾಗಿ ಬಂದು ಹೇಳುವುದು. ಊರಿಗೆ ಊರೇ ಓದಿ ನಕ್ಕಿತು, ನಕ್ಕವರು ಒಳಗೆ ಬಂದರು.

ಮೀಸೆ ಮತ್ತೆ ಬೆಳೆಸಲು ನಾನು ಬಿಡಲಿಲ್ಲ. ತುಟಿ ಓದುವುದನ್ನೂ ಸ್ವಲ್ಪ ಕಲಿತೆ. ಅದೇನು ತುಟಿಯೋ! ಹಾಲಿನವಳ ಲೆಕ್ಕ, ಪತ್ರಿಕೆಯಲ್ಲಿನ ಅಂಕಿಗಳು, ಚರ್ಚಿನ ಗಂಟೆಯ ಬಡಿತ, ಎಲ್ಲವನ್ನೂ ಹಿಂಬಾಲಿಸಿ ಎಣಿಸುವುದೇ. ದೇವರು ಏಳು ದಿನ ಎಂದರೂ ಇವನು ಒಮ್ಮೆ ಎಣಿಸಿ ನೋಡುವವನು.

ಹೀಗಿರುವಾಗ ಒಂದು ಮಧ್ಯಾಹ್ನ ತಿರುಪು ಎಣಿಸಿ ಮುಗಿಸಿದೆ. ಹದಿನೆಂಟು ಡಬ್ಬಿ, ಡಬ್ಬಿಗೆ ಅರವತ್ತನಾಲ್ಕು, ಸಾವಿರದ ನೂರ ಐವತ್ತೆರಡು. ನನಗೊಂದು ತುಂಟತನ ಹೊಳೆಯಿತು. ನನ್ನ ಲೆಕ್ಕಕ್ಕೆ ಈ ತುಟಿ ಏನನ್ನುತ್ತದೋ ನೋಡೋಣವೆಂದು ಅವನ ಎದುರಿಗೇ ಕೂತು, "ಹದಿನೆಂಟು ಡಬ್ಬಿ, ಅರವತ್ತನಾಲ್ಕರಂತೆ, ಒಟ್ಟು ಸಾವಿರದ ನೂರ ಅರವತ್ತೆರಡು" ಎಂದು ಕೂಗಿದೆ.

ಜೆಲಿಗ್ ಪುಸ್ತಕ ತೆಗೆದು ಸಾವಿರದ ನೂರ ಅರವತ್ತೆರಡು ಎಂದು ಬರೆದುಕೊಂಡ. ತುಟಿ ಕದಲಲೇ ಇಲ್ಲ.

ನಗಬೇಕೆಂದುಕೊಂಡಿದ್ದವಳು ಎದ್ದೆ. ಶಾಲು ಹೊದ್ದು ಕಬ್ಬಿಣದ ಅಂಗಡಿಗೆ ಹೋಗಿ ಹತ್ತು ತಿರುಪು ಕೊಂಡು ತಂದು, ಅವನು ನೋಡದಿದ್ದಾಗ ಕೊನೆಯ ಡಬ್ಬಿಗೆ ಹಾಕಿದೆ.